ಕೆಮ್ಮು

೧೯೭೨ರಲ್ಲಿ ನಾನು ಧಾರಾವಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ನಮ್ಮ ಶಾಲೆ. ಮಧ್ಯಾಹ್ನ ಅದೇ ಕಟ್ಟಡದಲ್ಲಿ ದೊಡ್ಡ ಹುಡುಗರ ಇನ್ನೊಂದು ಶಾಲೆ. ಹುಡುಗಿಯರಿಗೆ ಇದ್ದದ್ದು ಒಂದೇ ಪಾಯಖಾನೆ. ಅದರ ಬಾಗಿಲಿಗೆ ಚಿಲಕವಿರಲಿಲ್ಲ.

ಏಳನೆಯ ತರಗತಿಯ ದೇವಕ್ಕ ಜೂನ್‌ನಲ್ಲಿ ಇಂಡಿ ಕಡೆಯ ಹಳ್ಳಿಯಿಂದ ಬಂದು ಸೇರಿದವಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ತರಗತಿಯಲ್ಲೇ ತಲೆಸುತ್ತಿ ಬಿದ್ದಳು. ಮುಂಜಾನೆಯಿಂದ ಹನಿ ನೀರು ಕುಡಿದಿಲ್ಲವೆಂದು ಆಯಾ ಗಂಗುಬಾಯಿ ವಿಚಾರಿಸಿ ಹೇಳಿದಳು. ಕುಡಿದರೆ ಆ ಬಾಗಿಲಿನೊಳಗೆ ಹೋಗಬೇಕಲ್ಲ.

ಚಿಲಕಕ್ಕಾಗಿ ಆಡಳಿತ ಮಂಡಳಿಗೆ ಅರ್ಜಿ ಬರೆದೆ. ಬಾಗಿಲಿನ ಅಳತೆ, ಮೊಳೆಯ ಗಾತ್ರ ಎಲ್ಲ ಸೇರಿಸಿ ಮೂರು ಪ್ರತಿ. ಉತ್ತರ ಬರುವವರೆಗೆ ಏನಾದರೂ ಬೇಕಿತ್ತು. ಗಂಗುಬಾಯಿಯ ಎದುರಿಗೇ ದೇವಕ್ಕನನ್ನು ಕೇಳಿದೆ:

"ಊರಾಗ ಬಯಲಕಡಿಗೆ ಹೋದಾಗ ಏನ್ ಮಾಡ್ತಿದ್ದಿ ಯವ್ವಾ?"

"ಯಾರರ ಬಂದ್ರ ಕೆಮ್ಮತಿದ್ವಿರಿ, ಸರ್. ಹೊಳ್ಳಿ ಹೋಗ್ತಿದ್ರು."

"ಇಲ್ಲೂ ಹಂಗ ಮಾಡು. ನೀರು ಕುಡಿ."

ನಂಬಿದಳು. ನೀರು ಕುಡಿಯತೊಡಗಿದಳು. ಮಾರ್ಚ್ ಬರುವಷ್ಟರಲ್ಲಿ ನಾನು ಇನ್ನೂ ಮೂರು ಅರ್ಜಿ ಬರೆದಿದ್ದೆ.

ಒಂದು ಶನಿವಾರ ಮಧ್ಯಾಹ್ನದ ಶಾಲೆಯ ಮೂವರು ಹುಡುಗರು ಹೊತ್ತಿಗೆ ಮುಂಚೆಯೇ ಬಂದರು. ಹೆಜ್ಜೆ ಸಪ್ಪಳ ಕೇಳಿ ಪಾಯಖಾನೆಯೊಳಗಿದ್ದ ದೇವಕ್ಕ ಕೆಮ್ಮಿದಳು.

"ಅರೇ, ಅಂದರ್ ಲಡ್ಕೀ ಹೈ!"

ಒಳಗೆ ಹುಡುಗಿ ಇದ್ದಾಳೆಂದು ಒಬ್ಬ ಕೂಗಿದ್ದೇ ಬಾಗಿಲು ನೂಕಿ, ತೆರೆದು ಹಿಡಿದು ನಿಂತರು. ಅವಳು ಕೆಮ್ಮುತ್ತಲೇ ಇದ್ದಳಂತೆ. ಗಂಗುಬಾಯಿ ಪೊರಕೆ ಹಿಡಿದು ಓಡಿಬಂದಾಗ ಅವರೂ ಅಣಕಿಸಿ ಕೆಮ್ಮುತ್ತ ನಗುತ್ತಿದ್ದರು.

ಸೋಮವಾರ ಅವಳ ತಾಯಿ ಸೋಮವ್ವ ಕೂಲಿ ಕೆಲಸದ ನಡುವೆಯೇ ಬಂದಳು. ಸೀರೆಗೆಲ್ಲ ಸಿಮೆಂಟು.

"ಹುಡುಗಿ ಹೆಸರು ತಗೀರಿ, ಮಾಸ್ತರ್."

"ಪರೀಕ್ಷಾ ಮುಂದಿನ ತಿಂಗಳ ಐತಿ. ನಾಳೆ ನಾನ ಒಂದು ಚಿಲಕ ತಂದು ಬಡೀತೀನವಾ."

"ನಾಳಿ?" ಸೋಮವ್ವ ನನ್ನನ್ನೇ ನೋಡಿದಳು. "ಒಂದ್ ಚಿಲಕ, ನಾಕ್ ಮೊಳಿ. ಇಷ್ಟ್ ದಿನಾ ನಿಮ್ಮ ಕೈಗೇನಾಗಿತ್ರಿ?"

ಅರ್ಜಿಗಳ ಪ್ರತಿ ತೋರಿಸಲು ಡ್ರಾವರ್ ಎಳೆದವನು ಹಾಗೇ ಮುಚ್ಚಿದೆ. ಸೋಮವ್ವನಿಗೆ ಕೊಡಬೇಕಾದ ವರ್ಗಾವಣೆ ಪತ್ರದಲ್ಲಿ ಶಾಲೆ ಬಿಡುವ ಕಾರಣ ಬರೆಯುವ ಜಾಗವಿತ್ತು. ಶಾಲೆಯ ಹೆಸರು ಕೆಡಬಾರದೆಂದು 'ಮನೆಯ ಅಡಚಣೆ' ಎಂದು ಬರೆದೆ. ಓದು ಬಾರದ ಸೋಮವ್ವ ಹೆಬ್ಬೆಟ್ಟು ಒತ್ತಿ ಕಾಗದ ತೆಗೆದುಕೊಂಡಳು.

ದೇವಕ್ಕ ಗೇಟಿನ ಹೊರಗೆ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ; ನಾನೇ ಹೋದೆ. ತಾಯಿಯ ಕೈಯಿಂದ ಕಾಗದ ಇಸಿದುಕೊಂಡು ಕೊನೆಯವರೆಗೂ ಓದಿದಳು.

"ಮನ್ಯಾಗ ಏನೂ ಅಡಚಣಿ ಇರ್ಲಿಲ್ಲಲ್ರಿ, ಸರ್," ಅಂದಳು.