ಕಾಂತಿಯ ಹೆಬ್ಬಲಸು

ನಮ್ಮ ಮನೆಯಲ್ಲಿ ಮರ ಕಡಿಯಬೇಕಾದರೆ ಮೊದಲು ಕನಸು ಬೀಳಬೇಕಿತ್ತು. ಅದೂ ಯಾರಿಗೋ ಬಿದ್ದರೆ ಸಾಲದು, ಮನೆಯ ಹಿರಿಯ ಹೆಂಗಸಿಗೇ ಬೀಳಬೇಕು. ಹಿಂದಿನ ಸಂಜೆ ಆಕೆ ಮರವನ್ನು ಮುಟ್ಟಿ, ‘ಮನೆಗೆ ಬರ್ತೀಯಾ?’ ಎಂದು ಕೇಳಿ ಬಂದು ಮಲಗಬೇಕು. ಕನಸಿನಲ್ಲಿ ಮರ ಒಪ್ಪಿದರೆ ಮಾತ್ರ ಕೊಡಲಿ. ನಮ್ಮ ಹಿರಿಯರು ಘಟ್ಟದ ಮರಗಳನ್ನು ಹೀಗೆ ಕೇಳಿ ಕೇಳಿಯೇ ಚಾವಡಿಯ ಕಂಬಗಳನ್ನೆಲ್ಲ ತಂದು ನಿಲ್ಲಿಸಿದ್ದರಂತೆ. ಮಂಜು ಮುಸುಕಿ ಬೆಳ್ತಂಗಡಿಯಾಚೆಯ ಘಟ್ಟ ಕಾಣದಾದ ದಿನ, ಅದು ಎದ್ದು ಬಂದು ನಮ್ಮ ಚಾವಡಿಯಲ್ಲಿ ಕೂತಿದೆ ಎಂದು ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಐವತ್ತೆಂಟನೆಯ ಇಸವಿಯಲ್ಲಿ ಚಾವಡಿಯ ನಡುಗಂಬಕ್ಕೆ ಗೆದ್ದಲು ಹಿಡಿಯಿತು. ಬಡಗಿ ರುಕ್ಮಯ್ಯ ಆಚಾರಿ ಹೊಸ ಕಂಬಕ್ಕೆ ಮರ ಹುಡುಕುತ್ತ ಹಿತ್ತಿಲೆಲ್ಲ ಸುತ್ತಿ ಬಾವಿಯ ಹತ್ತಿರದ ಹೆಬ್ಬಲಸಿನ ಎದುರು ನಿಂತುಬಿಟ್ಟ. ಅಷ್ಟು ನೇರದ ಮರ ಬೇರೆ ಇರಲಿಲ್ಲ. ಅದು ಕಾಂತಿಯ ಮರ. ನನ್ನ ಅಜ್ಜಿ ಜಲಜಾಕ್ಷಿಯ ಚೊಚ್ಚಲ ಮಗಳು ಕಾಂತಿ ಹುಟ್ಟಿದಾಗ ಘಟ್ಟದಿಂದ ತಂದು ನೆಟ್ಟ ಸಸಿ. ಹಾಲುಹಲ್ಲು ಬೀಳುವ ಪ್ರಾಯದಲ್ಲೇ ಕಾಂತಿ ಜ್ವರ ಬಂದು ತೀರಿಹೋದಳು; ಮರ ಮಾತ್ರ ಬೆಳೆಯಿತು. ಅಜ್ಜಿ ನೀರಿಗೆ ಹೋದಾಗಲೆಲ್ಲ ಅದರ ಮೈದಡವಿ ಬರುತ್ತಿದ್ದಳು.

ಅಜ್ಜಿಯ ಮಗ ಸಂಕಪ್ಪ, ಅಂದರೆ ನನ್ನ ಸೋದರಮಾವ, ಊರಿಗೆಲ್ಲ ಯಜಮಾನನಾದರೂ ತಾಯಿಯ ಎದುರು ಬೆಕ್ಕಿನ ಮರಿ. “ಆ ಮರ ಬೇಡ ಅಮ್ಮ. ಸಿಮೆಂಟಿನ ಕಂಬ ಹಾಕಿಸ್ತೇನೆ. ಪಾಣೆಮಂಗಳೂರಿನಲ್ಲಿ ಈಗ ಎಲ್ಲರೂ ಅದನ್ನೇ ಹಾಕುವುದು,” ಎಂದ.

“ಮರದ ಚಾವಡಿಯ ನಡುವೆ ಸಿಮೆಂಟಾ? ಎಂತ ಚಂದ ಮಾರಾಯ!” ಎಂದು ಅಜ್ಜಿ ಎದ್ದಳು. “ಕ್ರಮ ಉಂಟಲ್ಲ, ಕೇಳಿ ನೋಡುವ.”

ಸಂಜೆ ಅವಳು ಮರವನ್ನು ತಬ್ಬಿ ನಿಂತದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನಮಗೆ ಒಳಗೊಳಗೇ ಸಮಾಧಾನ. ಕೆಟ್ಟ ಕನಸು ಬಿತ್ತು ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ಮರ ಉಳಿಯುತ್ತದೆ. ಹೇಳದೆ ಇರುತ್ತಾಳೆಯೇ?

ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸೇರಿದಾಗ ಅಜ್ಜಿ ಹೇಳಿದಳು: “ಕಾಂತಿಯೇ ಬಂದಿದ್ದಳು. ‘ಎಷ್ಟು ವರ್ಷ ನನ್ನನ್ನು ಹೊರಗೆ ನಿಲ್ಲಿಸ್ತೀ ಅಮ್ಮ? ಒಳಗೆ ಕರೆ’ ಅಂದಳು.”

ಮಾವ ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು; ಬದುಕಿದ್ದರೆ ಆ ಚಾವಡಿ ಕಾಂತಿಯದೇ ಆಗುತ್ತಿತ್ತು. ಮರಕ್ಕೆ ನೋವಾಗದಿರಲೆಂದು ಆಚಾರಿ ಕೊಡಲಿಗೆ ತುಪ್ಪ ಸವರಿದ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮರ ಒಣಗಿ, ಕೆತ್ತನೆ ಮುಗಿದು, ಕಂಬ ನಿಂತದ್ದು ಮರುವರ್ಷ. ಆ ಸಂಜೆ ಚಾವಡಿಯಲ್ಲಿ ಹೊಸ ಮರದ ಪರಿಮಳ ತುಂಬಿತ್ತು. ಹೊಂಬಿಸಿಲು ಬಿದ್ದು ಕಂಬ ಮೆಲ್ಲಗೆ ಉಸಿರಾಡುತ್ತಿದೆಯೇನೋ ಅನಿಸುತ್ತಿತ್ತು. ಅಜ್ಜಿ ಅದಕ್ಕೆ ಎಣ್ಣೆ ಸವರುತ್ತಿದ್ದಳು. ನಾನು ಕಾಣದ ದೊಡ್ಡಮ್ಮ ಕಾಂತಿಯ ಬಗ್ಗೆ ನನಗೆ ಒಂದು ವರ್ಷದಿಂದ ಕುತೂಹಲ.

“ಕನಸಿನಲ್ಲಿ ದೊಡ್ಡಮ್ಮ ಹೇಗಿದ್ದಳಜ್ಜಿ? ದೊಡ್ಡವಳಾಗಿದ್ದಳಾ?”

ಅಜ್ಜಿಯ ಕೈ ಕಂಬದ ಮೇಲೆಯೇ ನಿಂತಿತು.

“ಎಂತ ಕನಸು ಮಗಾ? ನನಗೆ ಆ ದಿನ ನಿದ್ದೆಯೇ ಬರ್ಲಿಲ್ಲ.”