ನಾಲ್ಕು ತಿಂಗಳ ಕೂಸು

ಯಾಂಗ್ಚೆನ್‌ಗೆ ಹೆತ್ತವ್ವನ ಮುಖ ನೆನಪಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಬಂದಾಗ ಅವಳು ನಾಲ್ಕು ತಿಂಗಳ ಕೂಸು. ಹಿಮದ ಬೆಟ್ಟ ದಾಟುವಾಗ ಕಾಲ್ಬೆರಳು ಕಳಕೊಂಡಿದ್ದ ತಾಯಿ ಮೂರೇ ವಾರದಲ್ಲಿ ತೀರಿಕೊಂಡಳು. ಕ್ಯಾಂಪಿನ ಗೋವಿನಜೋಳದ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಪಕ್ಕದ ಹಳ್ಳಿಯ ಕಾಶೆವ್ವ ಆಗ ಹಸಿ ಬಾಣಂತಿ. ಬದುವಿನ ಮೇಲೆ ಕೂತು ತನ್ನ ಮಗಳು ಶೈಲಾಗೂ ಈ ಕೂಸಿಗೂ ಹಾಲು ಕೊಟ್ಟಳು.

ಈಗ ಯಾಂಗ್ಚೆನ್‌ಗೆ ಮೂವತ್ತೊಂಬತ್ತು. ಮದುವೆಯಾಗಿಲ್ಲ. ಕ್ಯಾಂಪಿನಲ್ಲಿ ಮೂರು ಮೇಜಿನ ಒಂದು ಹೋಟೆಲ್ ನಡೆಸುತ್ತಾಳೆ. ಬಾಯಿ ತೆರೆದರೆ ಕಾಶೆವ್ವನದೇ ಕನ್ನಡ. ಆದರೆ ಸರ್ಕಾರದ ಕಾಗದದಲ್ಲಿ ವಿದೇಶಿ.

ಹೋದ ಬೇಸಿಗೆಯಲ್ಲಿ, ಟಿಬೆಟ್ಟಿನಲ್ಲೇ ಉಳಿದಿದ್ದ ಅಕ್ಕನಿಂದ ಸುದ್ದಿ ಬಂತು. ಚಳಿಗಾಲದಲ್ಲಿ ಹದಿನೈದು ದಿನ ಕಠ್ಮಂಡುವಿಗೆ ಬರುತ್ತೇನೆ, ನೀನೂ ಬಾ. ಭಾರತದವರಾದರೆ ಮುಂಡಗೋಡದ ಯಾರು ಬೇಕಾದರೂ ನೇಪಾಳಕ್ಕೆ ಹೋಗಿಬರಬಹುದು; ಕಾಗದದಲ್ಲಿ ವಿದೇಶಿಯಾದವಳಿಗೆ ಸರ್ಕಾರದ ಅನುಮತಿ ಬೇಕು. ಯಾಂಗ್ಚೆನ್ ಅನುಮತಿ ಕೇಳಿ ಬರೆದ ಅರ್ಜಿಗೆ ಉತ್ತರವೇ ಬರಲಿಲ್ಲ. ಕೊನೆಗೆ ವಕೀಲರೊಬ್ಬರು ಒಂದು ದಾರಿ ತೋರಿಸಿದರು: ಅವಳು ಹುಟ್ಟಿದ ವರ್ಷದಲ್ಲಿ ಈ ನೆಲದಲ್ಲಿ ಹುಟ್ಟಿದವರೆಲ್ಲ ಕಾಯ್ದೆಯ ಪ್ರಕಾರ ಭಾರತೀಯರೇ. ಕಣ್ಣಾರೆ ಕಂಡವರೊಬ್ಬರು ಹೇಳಿಕೆ ಕೊಟ್ಟರೆ ಸಾಕು.

ಯಾಂಗ್ಚೆನ್ ತಲೆ ತಗ್ಗಿಸಿಯೇ ಕೇಳಿದಳು. "ಅವ್ವಾ, ನಾ ಇಲ್ಲೇ ಹುಟ್ಟೇನಿ ಅಂತ ಒಂದ್ ಮಾತ ಹೇಳ್ತಿಯೇನ?"

"ಅಷ್ಟ ಏನ? ಹೇಳ್ತೇನಿ ಬಿಡು," ಅಂದಳು ಕಾಶೆವ್ವ. "ನಾಲ್ಕ ತಿಂಗಳಾ ಹಿಂದ ಮುಂದ ಆದ್ರ ಯಾರ ಗಂಟ ಹೊಕ್ಕೈತಿ?"

ಕಚೇರಿಯಲ್ಲಿ ಲೋಕೇಶ ಎಂಬ ಅಧಿಕಾರಿ ಕಾಶೆವ್ವನಿಗೆ ಕುರ್ಚಿ ಹಾಕಿಸಿ ಕೇಳಿದ: "ಅಮ್ಮಾ, ಈಕಿ ಹುಟ್ಟಿದ್ದ ನೀವು ಖುದ್ದ ನೋಡೀರೇನ್ರಿ?"

"ನೋಡೇನ್ರಿ ಸಾಹೇಬ್ರ. ಇವರವ್ವ ಕ್ಯಾಂಪಿನಾಗ ಹಡದ್ಳು. ನಾನ ಕೂಸಿಗೆ ನೀರ ಹಾಕೇನಿ."

"ತಾಯಿ ಆರಾಮ ಇದ್ಳಾ?"

"ಗಟ್ಟಿಮುಟ್ಟ ಇದ್ಳ್ರಿ. ಎಲ್ಲಿಂದ ಬಂದ್ಳೋ, ನಡಕೋತ ಬಂದಾಕಿ ಅಂತೂ ಅಲ್ಲ."

ಲೋಕೇಶ ಬರೆದುಕೊಂಡ. ಯಾಂಗ್ಚೆನ್ ಪೆನ್ನಿನ ಸದ್ದು ಕೇಳುತ್ತ ನಿಂತಿದ್ದಳು. ತನ್ನನ್ನು ಎದೆಗೆ ಕಟ್ಟಿಕೊಂಡು ಇಪ್ಪತ್ತಾರು ದಿನ ಹಿಮದಲ್ಲಿ ನಡೆದ ತಾಯಿ ಆ ಹಾಳೆಯ ಮೇಲೆ ಒಂದು ಹೆಜ್ಜೆಯನ್ನೂ ನಡೆದಿರಲಿಲ್ಲ. ಅವಳ ಬಗ್ಗೆ ಯಾಂಗ್ಚೆನ್‌ಗೆ ಗೊತ್ತಿದ್ದದ್ದು ಆ ನಡಿಗೆಯೊಂದೇ.

"ಸರ್, ನಾ ಇಲ್ಲಿ ಹುಟ್ಟಿಲ್ರಿ," ಅಂದಳು. "ನಮ್ಮವ್ವ ನನ್ನ ಹೊತ್ಕೊಂಡು ಬಂದ್ಳು."

ಕಾಶೆವ್ವ ಅವಳನ್ನೇ ನೋಡಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಹಂಗಾರ ನಾಲ್ಕ ತಿಂಗಳಾ ತಡಾ ಆತಂತ ಆಕಿ ನಮ್ಮಾಕಿ ಅಲ್ಲೇನ್ರಿ?"

"ಕಾಯ್ದೆ ನಾ ಮಾಡಿದ್ದಲ್ರಿ ಅಮ್ಮಾ." ಲೋಕೇಶ ಇನ್ನೂ ಹೆಬ್ಬೆಟ್ಟು ಒತ್ತಿಸಿಕೊಂಡಿರದ ಹಾಳೆಯನ್ನು ಮಡಚಿ ಖಾನೆಗೆ ಹಾಕಿದ. "ಇದನ್ನ ನಾ ಕೇಳೇ ಇಲ್ಲ ಅಂತ ತಿಳೀತೇನಿ. ಮನೀಗೆ ಹೋಗ್ರಿ."

ಬಸ್‌ಸ್ಟ್ಯಾಂಡಿನ ತನಕ ಕಾಶೆವ್ವ ಮುಂದೆ ಮುಂದೆ ನಡೆದಳು. ಬಸ್ಸು ಬಂದಾಗ ಅಂದಳು: "ನಿನ್ನ ಸಲುವಾಗಿ ಸುಳ್ಳ ಹೇಳ್ದೆ. ನಾಕ ಮಂದಿ ಮುಂದ ನನ್ನ ಸುಳ್ಳಿ ಮಾಡಿ ನಿಲ್ಲಿಸಿದೆಲ್ಲ." ಹತ್ತಿಹೋದಳು. ದಿನಾ ಹೋಟೆಲಿಗೆ ಬರುತ್ತಿದ್ದವಳು ಆಮೇಲೆ ಬರಲಿಲ್ಲ. ಯಾಂಗ್ಚೆನ್ ಎರಡು ಸಲ ಹಳ್ಳಿಗೆ ಹೋದಳು. ಎರಡೂ ಸಲ ಶೈಲಾ ಬಾಗಿಲಲ್ಲೇ ನಿಂತು, "ಅವ್ವ ಮಲಗ್ಯಾಳ," ಅಂದಳು.

ಚಳಿಗಾಲದಲ್ಲಿ ಅಕ್ಕ ಕಠ್ಮಂಡುವಿಗೆ ಬಂದಳು. ಫೋನಿನ ಪರದೆಯಲ್ಲಿ ಕೆಂಪು ಕೆನ್ನೆಯ, ಹಲ್ಲುದುರಿದ ಹೆಂಗಸು. ಅಕ್ಕನ ಹಳ್ಳಿಯ ಮಾತು ಯಾಂಗ್ಚೆನ್‌ಗೆ ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ನಗುತ್ತ, ಕೈಸನ್ನೆ ಮಾಡುತ್ತ, ಮತ್ತೆ ನಗುತ್ತ ಹದಿನೈದು ದಿನ ಕಳೆದರು.

"ನಾನು ನಿನ್ನ ಥರ ಇದ್ದೇನಾ, ಅವ್ವನ ಥರ ಇದ್ದೇನಾ?" ಯಾಂಗ್ಚೆನ್ ಟಿಬೆಟನ್ನಿನಲ್ಲಿ ಕೇಳಿದಳು.

ಅಕ್ಕ ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ನೀವು ಹೊರಟಾಗ ನನಗೆ ಐದು ವರ್ಷ," ಅಂದಳು. "ನನಗೂ ಅವಳ ಮುಖ ನೆನಪಿಲ್ಲ."

ಕೊನೆಯ ದಿನ ಅಕ್ಕ ಹೇಳಿದಳು, ಊರಿಗೆ ಹೋದ ಮೇಲೆ ಫೋನ್ ಮಾಡಬೇಡ, ತೊಂದರೆಯಾಗುತ್ತದೆ. ಮರುದಿನ ಆ ನಂಬರು ಬಂದ್ ಆಗಿತ್ತು.

ಯಾಂಗ್ಚೆನ್ ಮಧ್ಯಾಹ್ನದ ಹಿಟ್ಟು ನಾದಿಟ್ಟಳು. ಗಿರಾಕಿಗಳು ಬರಲು ಇನ್ನೂ ಹೊತ್ತಿತ್ತು. ಖಾಲಿ ಮೇಜೊಂದರ ಮುಂದೆ, ಕಾಶೆವ್ವ ಬರುತ್ತಿದ್ದ ರಸ್ತೆಗೆ ಬೆನ್ನು ಮಾಡಿ ಕೂತಳು.