ಹಿಟ್ಟು ಮೆತ್ತಿದ ಮುಚ್ಚಳ

ಕಲಸಿದ ಹಿಟ್ಟನ್ನು ಹಗ್ಗದಂತೆ ಹೊಸೆದು ಪಾತ್ರೆಗೂ ಮುಚ್ಚಳಕ್ಕೂ ನಡುವೆ ಒತ್ತುತ್ತಾ ಅವಳು ಅರ್ಧ ಸುತ್ತು ಬಂದಿದ್ದಳು. ಅಷ್ಟರಲ್ಲಿ ಅತ್ತೆ ಸೌಟು ಹಿಡಿದೇ ಅಡುಗೆಮನೆಗೆ ಬಂದರು.

"ಏನೇ ಇದು, ಪಾತ್ರೆಗೆ ಹೊಲಿಗೆ ಹಾಕ್ತಿದ್ದೀಯಾ?"

"ಹಬೆ ಆಚೆ ಹೋಗಬಾರದು ಅತ್ತೆ. ಆಗಲೇ ಹಂದಿಮಾಂಸ ಬೆಣ್ಣೆ ಥರ ಬೇಯೋದು."

"ಮತ್ತೆ ಉಪ್ಪು ನೋಡೋದು ಹೇಗೆ?"

"ನೋಡೋದಿಲ್ಲ. ಹಾಕಿದ್ದೀನಿ."

ಆ ಮನೆಯಲ್ಲಿ ಒಲೆಯ ಮೇಲಿಟ್ಟ ಪಾತ್ರೆ ಯಾರೊಬ್ಬರದೂ ಅಲ್ಲ. ಹಾದುಹೋದವರೆಲ್ಲ ಮುಚ್ಚಳ ತೆಗೆಯುವವರೇ. ಅತ್ತೆ ಚಿಟಿಕೆ ಉಪ್ಪು ಉದುರಿಸುವರು, ಗಂಡ ಲೋಟ ನೀರು ಸುರಿಯುವನು, ಮಗಳು ಒಂದು ತುಂಡು ಎತ್ತಿಕೊಂಡು ಬಾಯಿ ಸುಟ್ಟುಕೊಳ್ಳುವಳು. ಚೆನ್ನಾಗಿ ಆದ ದಿನ ಎಲ್ಲರ ಕೈಗುಣ. ಕೆಟ್ಟ ದಿನ ಮಾತ್ರ ಅವಳದು. ಮದುವೆಯಾಗಿ ಬಂದಂದಿನಿಂದ, ಇದು ಪೂರ್ತಿ ನಾನೇ ಮಾಡಿದ್ದು ಎನ್ನುವಂಥ ಒಂದು ಅಡುಗೆಯೂ ಅವಳಿಗಿರಲಿಲ್ಲ.

ಅದು ಮನಸ್ಸಿಗೆ ಚುಚ್ಚಿದ್ದು ಈ ವಾರ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ತರಕಾರಿ ಹೆಚ್ಚುವವಳು. ಮುಖ್ಯ ಅಡುಗೆಯವನು ಕೆಲಸ ಬಿಡುತ್ತಿದ್ದ. "ಒಲೆ ನೀವು ನೋಡ್ಕೋತೀರಾ? ಸೋಮವಾರ ಹೇಳಿ," ಎಂದಿದ್ದರು ಮೇಲ್ವಿಚಾರಕರು. ನಾಳೆಯೇ ಸೋಮವಾರ. ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ; ಬಿಟ್ಟರೆ ಅದಕ್ಕೂ ಒಬ್ಬೊಬ್ಬರು ಒಂದೊಂದು ಸುರಿಯುತ್ತಾರೆ. ಅದಕ್ಕಿಂತ ಮೊದಲು, ತನಗೆ ನಿಜಕ್ಕೂ ಅಡುಗೆ ಬರುತ್ತದೆಯೇ ಎಂಬುದು ಅವಳಿಗೇ ಗೊತ್ತಾಗಬೇಕಿತ್ತು.

ಮಾಂಸವನ್ನು ಕೊಬ್ಬಿನ ಮಗ್ಗುಲಿನಿಂದ ಕೆಂಪಗೆ ಹುರಿದು, ಬಿಟ್ಟ ಜಿಡ್ಡಿನಲ್ಲೇ ಈರುಳ್ಳಿ ಬಾಡಿಸಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಒಂದಿಷ್ಟು ವಿನೆಗರ್ ಹಾಕಿದ್ದಳು. ನೀರು ತಳ ನೆನೆಯುವಷ್ಟು ಮಾತ್ರ. ಈಗ ಉರಿ ಸಣ್ಣ ಮಾಡಿ ಸ್ಟೂಲು ಎಳೆದುಕೊಂಡು ಕಾವಲು ಕೂತಳು.

ಬಸ್ಸು ಓಡಿಸುವ ಗಂಡ ಮೂಗರಳಿಸಿಕೊಂಡು ಬಂದ. ಅಭ್ಯಾಸಬಲದಿಂದ ಕೈ ಮುಚ್ಚಳಕ್ಕೆ ಹೋಯಿತು.

"ಮುಟ್ಟಬೇಡಿ."

"ಇಣುಕಿ ನೋಡ್ತೀನಷ್ಟೇ ಕಣೇ."

"ನಿಮ್ಮ ಬಸ್ ಹತ್ತಿದವರೆಲ್ಲ ಒಂದೊಂದು ಸಲ ಸ್ಟೀರಿಂಗ್ ತಿರುಗಿಸ್ತೀನಿ ಅಂದ್ರೆ ಬಿಡ್ತೀರಾ?"

ಹೊರಗೆ ಮಗಳು ಕಿಸಕ್ಕನೆ ನಕ್ಕಳು. ಗಂಡ ಕೈ ಹಿಂದಕ್ಕೆಳೆದುಕೊಂಡು, "ಇವತ್ತು ಕಂಡಕ್ಟರ್ ಬಲು ಖಡಕ್ಕು," ಎಂದು ಗೊಣಗುತ್ತಾ ಹೋದ.

ಆಮೇಲೆ ಅತ್ತೆಯ ದನಿ ಏರಿತು. "ಸೀದ ವಾಸನೆ! ಒಡೆಯೇ ಅದನ್ನ, ಅಷ್ಟು ಮಾಂಸ ಹಾಳಾಗುತ್ತೆ!"

ಅವಳು ಬಗ್ಗಿ ಪಾತ್ರೆಗೆ ಕಿವಿ ಕೊಟ್ಟಳು. ಒಳಗೆ ಮೆಲ್ಲನೆ ಕೊತಕೊತ. ನೀರಿದೆ.

"ಸೀಯ್ತಿರೋದು ಅಂಚಿನ ಹಿಟ್ಟು ಅತ್ತೆ. ಒಳಗೇನೂ ಆಗಿಲ್ಲ."

ಒಡೆಯಲಿಲ್ಲ.

ಎಲ್ಲರೂ ಊಟಕ್ಕೆ ಕೂತ ಮೇಲೆ ಚಾಕುವಿನಿಂದ ಹಿಟ್ಟನ್ನು ಎಬ್ಬಿಸಿದಳು. ಮುಚ್ಚಳ ತೆಗೆದದ್ದೇ ತಡ, ಕೋಣೆಯ ತುಂಬ ಘಮ. ಎಲುಬು ಹಿಡಿದು ಎತ್ತಿದರೆ ಎಲುಬು ಮಾತ್ರ ಕೈಗೆ ಬಂತು. ಮಾಂಸ ಅಲ್ಲೇ ಉಳಿಯಿತು. ಗಂಡ ತಟ್ಟೆ ಮುಂದೆ ಚಾಚಿದ.

ಅತ್ತೆ ಒಂದು ತುತ್ತು ನಾಲಿಗೆಯ ಮೇಲೆ ಹೊರಳಿಸಿದರು. ಮುಖ ಅರಳಿತು. "ಉಪ್ಪು ಕಮ್ಮಿ!"

ಅವಳೂ ಬಾಯಿಗಿಟ್ಟು ನೋಡಿದಳು. ಹೌದು, ಒಂದು ಚಿಟಿಕೆ ಕಮ್ಮಿ. ಅತ್ತೆ ಉದುರಿಸುವ ಚಿಟಿಕೆಗೆಂದು ಕೈ ತಾನಾಗಿಯೇ ಅಷ್ಟು ಉಪ್ಪು ಕಮ್ಮಿ ಹಾಕಿತ್ತು, ಇಷ್ಟು ವರ್ಷ ಹಾಕಿದಂತೆಯೇ. ಅವಳಿಗೆ ನಗು ಬಂತು. ಬೇಯಿಸಿದ್ದು ತಾನು, ತಪ್ಪಿದ್ದೂ ತಾನೇ. ಎಲ್ಲಿ ತಪ್ಪಿತು ಎಂದು ಯಾರನ್ನೂ ಕೇಳಬೇಕಾಗಿಲ್ಲ.

"ಹೌದು ಅತ್ತೆ, ಕಮ್ಮಿಯಾಗಿದೆ," ಎಂದು ಉಪ್ಪಿನ ಡಬ್ಬಿಯನ್ನು ಅವರತ್ತ ಸರಿಸಿದಳು.

"ಮೆತ್ತಗಾಗಿದೆ ಬಿಡು," ಎಂದರು ಅತ್ತೆ, ಇನ್ನೊಂದು ತುಂಡಿಗೆ ಕೈ ಹಾಕುತ್ತಾ.

ನಾಳೆ ಮೇಲ್ವಿಚಾರಕರು ಕೇಳುವ ತನಕ ಕಾಯುವುದಿಲ್ಲ. ಹೋದವಳೇ, 'ಒಲೆ ನಾನು ನೋಡ್ಕೋತೀನಿ' ಎಂದುಬಿಡುತ್ತೇನೆ. ಹಾಗೆಂದುಕೊಂಡು ಅವಳು ಮಗಳ ತಟ್ಟೆಗೆ ಅನ್ನ ಬಡಿಸಿದಳು.